42 ವರ್ಷ ನುಂಗಿದ ಮಾತ್ರೆಗೆ ರಿವ್ಯೂ, ಜೊತೆಗೆ ಕತ್ತಿನ ಸ್ಕ್ಯಾನಿಗೂ ಒಂದು

ಮಿಕ್ಸಿ ತಂದ ಮೂರನೇ ದಿನಕ್ಕೆ ರಿವ್ಯೂ ಬರೆಯುವವರಿದ್ದಾರೆ. ನಾನು 42 ವರ್ಷ ಬಳಸಿ ನೋಡಿ ಬರೆಯುತ್ತಿದ್ದೇನೆ. ಆತುರಗಾತಿ ಅಂತ ಯಾರೂ ಅನ್ನೋ ಹಾಗಿಲ್ಲ.

ಸರಕು ಯಾವುದಪ್ಪಾ ಅಂದರೆ ಮೂರ್ಛೆ ರೋಗ, ಅಂದರೆ ಫಿಟ್ಸ್, ತಡೆಯುವ ಫಿನೋಬಾರ್ಬಿಟೋನ್ ಮಾತ್ರೆ. ರಾತ್ರಿ ಊಟ ಆದ ಮೇಲೆ 60 ಮಿಲಿಗ್ರಾಂನದು ಒಂದು, 30ರದು ಒಂದು. ಬಿಳೀದು, ತೊಗರಿಬೇಳೆಗಿಂತ ಸ್ವಲ್ಪ ದಪ್ಪ. ನೀರು ಕುಡಿಯೋದು ತಡವಾದರೆ ನಾಲಿಗೆ ಮೇಲೆ ಕಹಿ ಬಿಡುತ್ತದೆ. 1982ರಿಂದ ಲೆಕ್ಕ ಹಾಕಿ, 15,000ಕ್ಕೂ ಜಾಸ್ತಿ ರಾತ್ರಿಗಳಾದವು. ಮದುವೆ ದಿನವೂ ನುಂಗಿದ್ದೇನೆ, ಹೆರಿಗೆ ದಿನವೂ ನುಂಗಿದ್ದೇನೆ.

ಯಳಂದೂರಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರದಲ್ಲೇ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಪಹಣಿ ತಿದ್ದುಪಡಿ ಅರ್ಜಿ, ವಿಧವಾ ವೇತನದ ಅರ್ಜಿ, ನಾಮಕರಣದ ಪತ್ರಿಕೆ ಅಂತ ದಿನವಿಡೀ ಬೇರೆಯವರ ಮಾತನ್ನೇ ಟೈಪ್ ಮಾಡುತ್ತೇನೆ. ಇವತ್ತು ಕರೆಂಟ್ ಇದೆ, ಗಿರಾಕಿ ಇಲ್ಲ, ನನ್ನದನ್ನು ಬರೆದುಕೊಳ್ಳುತ್ತಿದ್ದೇನೆ.

ನನಗೆ ಮೊದಲು ಫಿಟ್ಸ್ ಬಂದಿದ್ದು ಬಚ್ಚಲುಮನೆಯಲ್ಲಿ. 12 ವರ್ಷ. ಭಾನುವಾರದ ಎಣ್ಣೆ ಸ್ನಾನ, ಹಂಡೆ ತುಂಬ ಕುದಿಯೋ ನೀರು. ಅವ್ವ ತಲೆ ಮೇಲೆ ಚೊಂಬು ಚೊಂಬು ಹುಯ್ಯುತ್ತಿದ್ದರೆ ನನಗೆ ಒಂಥರಾ ಹಿತ, ಇನ್ನೂ ಹುಯ್ಯವ್ವ ಅನ್ನುತ್ತಿದ್ದೆನಂತೆ. ಆಮೇಲೆ ಮಾತು ತೊದಲಿ, ಕಣ್ಣು ಮೇಲಾಗಿ ಬಿದ್ದೆ. ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಕಬ್ಬಿಣ ಹಿಡಿದರೆ ನಿಲ್ಲುತ್ತದೆ ಅಂತ ನಂಬಿಕೆ. ಅದು ತನ್ನಷ್ಟಕ್ಕೆ ತಾನೇ ನಿಂತಿರುತ್ತದೆ, ಹೆಸರು ಬೀಗದ ಕೈಗೆ ಬರುತ್ತದೆ. ತಲೆಗೆ ಬಿಸಿನೀರು ಬಿದ್ದಾಗ ಬರುವ ಈ ಮೂರ್ಛೆ ನಮ್ಮ ಮೈಸೂರು ಸೀಮೆಯಲ್ಲಿ ಎಷ್ಟು ಜಾಸ್ತಿ ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಡಾಕ್ಟರುಗಳು ಅದರ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆಗ ಗೊತ್ತಿದ್ದಿದ್ದು ತಾಯತ ಒಂದೇ.

14ಕ್ಕೆ ಬಿಸಿನೀರಿಲ್ಲದೆಯೂ ಬರಲು ಶುರುವಾಯಿತು. ಒಮ್ಮೆ ಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಂತಾಗ, ಒಮ್ಮೆ ಮಾರಮ್ಮನ ಹಬ್ಬದಲ್ಲಿ. ಹಬ್ಬದಲ್ಲಿ ಬಿದ್ದಾಗ ಮೈಮೇಲೆ ಬಂದಿದೆ ಅಂತ ಕುಂಕುಮ ಇಟ್ಟು ಕೈಮುಗಿದರಂತೆ. ನಮ್ಮ ಸೋದರಮಾವ ಒಬ್ಬರೇ ಬಯ್ದು, ಕೊಳ್ಳೇಗಾಲಕ್ಕೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದು. ಅವತ್ತು ಕೈಗೆ ಬಂದಿದ್ದೇ ಈ ಮಾತ್ರೆ.

ಈಗ ಸರಕಿನ ಗುಣ. ಫಿಟ್ಸ್ ನಿಲ್ಲಿಸುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್. 1984ರಿಂದ ಇಲ್ಲಿವರೆಗೆ ಒಟ್ಟು 6 ಸಲ ಬಿದ್ದಿದ್ದೇನೆ. ಆರಕ್ಕೆ ಆರೂ ಕಾರಣ ಹೇಳಬಲ್ಲೆ. ನಿದ್ದೆ ಕೆಟ್ಟಿದ್ದು, ಜ್ವರ ಬಂದಿದ್ದು, ಮಾತ್ರೆ ತಪ್ಪಿದ್ದು. ದಿನದ ಖರ್ಚು ನಮ್ಮ ಬಸ್ ಸ್ಟ್ಯಾಂಡಿನ ಒಂದು ಟೀಗಿಂತ ಕಮ್ಮಿ. ದಿನಕ್ಕೆ ಒಂದು ಹೊತ್ತು ನುಂಗಿದರೆ ಸಾಕು, ಯಾಕೆಂದರೆ ಇದು ಮೈಯಿಂದ ಹೋಗೋದು ಬಲು ನಿಧಾನ. ಇವತ್ತು ನುಂಗಿದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು ನಾಲ್ಕು ದಿನ ಬೇಕು.

ಇದರ ಹುಟ್ಟಿನ ಕಥೆಯೂ ಚೆನ್ನಾಗಿದೆ. 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ಲುಮಿನಾಲ್ ಅನ್ನೋ ಹೆಸರಲ್ಲಿ ಇದನ್ನು ನಿದ್ದೆ ಬರಿಸೋ ಔಷಧಿಯಾಗಿ ಮಾರಲು ಶುರುಮಾಡಿತು. ಅದೇ ವರ್ಷ ಫ್ರೈಬರ್ಗ್‌ನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಅನ್ನೋ ಹುಡುಗ ಡಾಕ್ಟರು ಮೂರ್ಛೆ ರೋಗಿಗಳ ವಾರ್ಡಿನಲ್ಲಿದ್ದರು. ರಾತ್ರಿಯೆಲ್ಲ ರೋಗಿಗಳಿಗೆ ಫಿಟ್ಸ್, ಇವರಿಗೆ ಜಾಗರಣೆ. ಮಲಗಿಕೊಳ್ಳಲಿ ಪಾಪ ಅಂತ ಅವರಿಗೆ ಲುಮಿನಾಲ್ ಕೊಟ್ಟರಂತೆ. ನೋಡಿದರೆ ರಾತ್ರಿಯದಷ್ಟೇ ಅಲ್ಲ, ಹಗಲಿನ ಫಿಟ್ಸೂ ಇಳಿದಿತ್ತು. ಹಾಪ್ಟ್‌ಮನ್ ಯಹೂದಿ. ಮುಂದೆ ನಾಜಿಗಳು ಅವರನ್ನು ದಖಾವ್ ಅನ್ನೋ ಸೆರೆ ಶಿಬಿರಕ್ಕೆ ಹಾಕಿದರು. ಹೇಗೋ ಬಿಡುಗಡೆಯಾಗಿ ಅಮೆರಿಕಕ್ಕೆ ಹೋಗಿ 1948ರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ನನ್ನ ಕಂಪ್ಯೂಟರಿನಲ್ಲಿ ದೊಡ್ಡದಾಗಿ ಟೈಪ್ ಮಾಡಿ ಒಂದು ಸಲ ಪ್ರಿಂಟ್ ತೆಗೆದಿದ್ದೆ. ಸುಮ್ನೆ.

ನಮ್ಮ ಯಳಂದೂರಿಗೂ ಈ ಮಾತ್ರೆಗೂ ಇನ್ನೊಂದು ನಂಟಿದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಅವರ ತಂಡ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮೂರ್ಛೆ ಇರುವವರನ್ನು ಹುಡುಕಿ, ಫಿನೋಬಾರ್ಬಿಟೋನ್ ಅಥವಾ ಫಿನಿಟೋಯಿನ್ ಅನ್ನೋ ಇನ್ನೊಂದು ಹಳೇ ಮೂರ್ಛೆ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡಿತು. ಅಗ್ಗದ ಮಾತ್ರೆಯಲ್ಲೇ ಬಹಳ ಜನರ ಫಿಟ್ಸ್ ಹತೋಟಿಗೆ ಬಂತು ಅಂತ 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಪುಟ್ಟ ತಾಲ್ಲೂಕಿನ ಹೆಸರು ಲಂಡನ್ನಿನ ಪತ್ರಿಕೆಯ ತಲೆಬರಹದಲ್ಲಿದೆ. ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ.

ಇನ್ನು ದೂರುಗಳು.

ಒಂದು, ನಿದ್ದೆ. ಶುರುವಿನಲ್ಲಿ ತಲೆ ಒದ್ದೆ ಕಂಬಳಿ ಹೊದ್ದಂತೆ ಭಾರ. ಒಂಬತ್ತನೇ ಕ್ಲಾಸಿನ ಗಣಿತ ಅರ್ಧ ನಿದ್ದೆಯಲ್ಲೇ ಹೋಯಿತು. ಆಮೇಲಾಮೇಲೆ ಮೈ ಒಗ್ಗಿತು. ಮೂಳೆಗೂ ಇದು ಒಳ್ಳೆಯದಲ್ಲ. ಹೋದ ವರ್ಷ ನೋಡಿಸಿದಾಗ ವಿಟಮಿನ್ ಡಿ ಬರೀ 11 ಇತ್ತು, ಇರಬೇಕಾದ್ದಕ್ಕಿಂತ ಕಮ್ಮಿ. ಮೊಣಕಾಲು ನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡು ಕೂತಿದ್ದೆ.

ಇನ್ನೊಂದನ್ನು ಹೇಳಲು ಸ್ವಲ್ಪ ನಾಚಿಕೆ, ಹೇಳಿಬಿಡುತ್ತೇನೆ. ಮೊದಲ ಮಗು ಆದ ಮೇಲೆ ನಾನು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದೆ. ಒಂದು ದಿನವೂ ತಪ್ಪಿಸದೆ, ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಆದರೂ 1994ರಲ್ಲಿ ಎರಡನೇ ಮಗಳು ಹುಟ್ಟಿದಳು. ನಮ್ಮ ಯಜಮಾನರು ನನ್ನ ಮುಖ ನೋಡಿದರು, ನಾನು ಕ್ಯಾಲೆಂಡರ್ ನೋಡಿದೆ. ಫಿನೋಬಾರ್ಬಿಟೋನ್ ಲಿವರಿಗೆ ಕೆಲಸ ಜಾಸ್ತಿ ಮಾಡು ಅಂತ ಹೇಳಿಕೊಡುತ್ತದಂತೆ. ಔಷಧಿ ಕರಗಿಸುವ ಕಿಣ್ವಗಳನ್ನು ಲಿವರ್ ಜಾಸ್ತಿ ಜಾಸ್ತಿ ತಯಾರು ಮಾಡುತ್ತದೆ. ಆಗ ಜೊತೆಗೆ ನುಂಗಿದ ಬೇರೆ ಮಾತ್ರೆಗಳನ್ನೂ ಅದು ಬೇಗ ಮುಗಿಸಿಬಿಡುತ್ತದೆ. ಗರ್ಭನಿರೋಧಕವೂ ಅದರಲ್ಲಿ ಸೇರಿತ್ತು. ಮಾತ್ರೆ ಬರೆದವರಾಗಲಿ ಕೊಟ್ಟವರಾಗಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಬಸುರಿಯಾಗಬೇಕು ಅಂದುಕೊಂಡಾಗಲೂ ಮೊದಲೇ ಡಾಕ್ಟರಿಗೆ ಹೇಳಬೇಕಾದ ಮಾತ್ರೆ ಇದು, ಹುಟ್ಟುವ ಮಗುವಿಗೆ ತೊಂದರೆ ಆಗಬಹುದು. ನನ್ನ ಪುಣ್ಯ, ಎರಡೂ ಮಕ್ಕಳು ಗಟ್ಟಿ. ಆ ಎರಡನೆಯವಳೇ ಬಿ.ಫಾರ್ಮ ಓದಿ, ಈ ಲಿವರ್ ಪುರಾಣವನ್ನು ನನಗೆ ವಿವರಿಸಿದ್ದು.

ಇದೇ ಲಿವರ್ ದಾರಿಯಲ್ಲಿ ಹೋದರೆ ಕತ್ತಿಗೆ ಬರುತ್ತೇವೆ.

ಹೋದ ವರ್ಷ ಮೈಸೂರಿನಲ್ಲಿ ಹೊಸ ನರರೋಗ ಡಾಕ್ಟರಿಗೆ ತೋರಿಸಿದೆ. ರಕ್ತದ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ 248. "ಎಣ್ಣೆ ಪದಾರ್ಥ ಜಾಸ್ತಿ ತಿಂತೀರೇನಮ್ಮ?" ಅಂದರು. ರಾಗಿಮುದ್ದೆ, ಬಸ್ಸಾರು, ವಾರಕ್ಕೊಂದು ಸಲ ಕೋಳಿ ಅಂದೆ. ಆಮೇಲೆ ಹಳೇ ಚೀಟಿ ತಿರುಗಿಸಿ ನೋಡಿ, "ಈ ಮಾತ್ರೆ ಎಷ್ಟು ವರ್ಷದಿಂದ?" ಅಂತ ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು. ನಮ್ಮಪ್ಪನಿಗೆ ಲಕ್ವ ಹೊಡೆದಿತ್ತು ಅನ್ನೋದನ್ನೂ ಕೇಳಿ, ಕೆರೋಟಿಡ್ ಡಾಪ್ಲರ್ ಮಾಡಿಸಿ ಅಂತ ಬರೆದುಕೊಟ್ಟರು. ಕತ್ತಿನ ಎರಡೂ ಪಕ್ಕ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆಯಲ್ಲ, ಅವುಗಳ ಸ್ಕ್ಯಾನ್.

ಇನ್ನು ಆ ಸ್ಕ್ಯಾನ್ ಸೇವೆಯ ರಿವ್ಯೂ. ಸೆಂಟರಿನ ಹೆಸರು ಬೇಡ. ಫೋನಿನಲ್ಲಿ "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂದರು. ಬೆಳಗ್ಗೆ 6 ಗಂಟೆಗೆ ಟಿ. ನರಸೀಪುರದ ಮೇಲೆ ಹೋಗೋ ಬಸ್ಸು ಹತ್ತಿದೆ, ಕಾಫಿಯೂ ಇಲ್ಲ. ಹೋಗಿ ಕೂತರೆ 11 ಗಂಟೆಯಾದರೂ ಕರೆಯಲಿಲ್ಲ. ನನ್ನಂಥವರಿಗೆ ನಿದ್ದೆಗೆಟ್ಟು ಉಪವಾಸ ಕೂರುವುದು ಅಂದರೆ ಫಿಟ್ಸಿಗೆ ಕಾಗದ ಬರೆದು ಕರೆದ ಹಾಗೆ. ಒಳಗಿನ ಡಾಕ್ಟರಮ್ಮನನ್ನು ಕೇಳಿದರೆ, "ಅಯ್ಯೋ, ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲಮ್ಮ, ಹೊಟ್ಟೆ ಸ್ಕ್ಯಾನಿಗೆ ಮಾತ್ರ" ಅಂದರು. ಕೌಂಟರಿನ ಹುಡುಗಿಗೆ ಎಲ್ಲ ಸ್ಕ್ಯಾನೂ ಒಂದೇ. ಹೋಗುವವರು ತಿಂಡಿ ತಿಂದೇ ಹೋಗಿ.

ಮಾಂಗಲ್ಯ ತೆಗೆಯಬೇಕು, ಅದೂ ಮೊದಲೇ ಹೇಳಿರಲಿಲ್ಲ. ಅರಿಸಿನ ದಾರ, ಗಂಟು ಬಿಚ್ಚಲು ಐದು ನಿಮಿಷ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳದೆ ತಾವೇ ಉಗುರಿನಲ್ಲಿ ಬಿಡಿಸಿಕೊಟ್ಟರು. ಮಲಗಿಸಿ, ಕತ್ತಿನ ಕೆಳಗೆ ಸಣ್ಣ ದಿಂಬು ಇಟ್ಟು, ತಣ್ಣನೆ ಜೆಲ್ ಹಚ್ಚಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ನೋವಿಲ್ಲ, ಸೂಜಿಯಿಲ್ಲ. 20 ನಿಮಿಷ. ಪರದೆ ಮೇಲೆ ಕೆಂಪು, ನೀಲಿ ಹರಿಯುತ್ತದೆ. ಸದ್ದು ಜೋರು ಮಾಡಿದಾಗ ಹುಶ್, ಹುಶ್ ಅಂತ ಗದ್ದೆಯ ಪಂಪ್‌ಸೆಟ್ಟಿನ ಹಾಗೆ. ನನ್ನ ರಕ್ತದ ಸದ್ದನ್ನು ನಾನೇ ಕೇಳಿದ್ದು ಅದೇ ಮೊದಲು.

ಡಾಕ್ಟರಮ್ಮನಿಗೆ ಪೂರ್ತಿ ಐದು ಸ್ಟಾರ್. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಈ ನಾಳ ದವಡೆಯ ಕೆಳಗೆ ಎರಡು ಕವಲಾಗುತ್ತದೆ, ಒಂದು ಮುಖದ ಕಡೆಗೆ, ಒಂದು ಮಿದುಳಿಗೆ. ಕೊಬ್ಬು ಕಟ್ಟಿಕೊಳ್ಳೋದು ಜಾಸ್ತಿ ಆ ಕವಲಿನಲ್ಲೇ. ಕಾಲುವೆ ಕವಲಲ್ಲಿ ಹೂಳು ನಿಲ್ಲುವುದಿಲ್ಲವೇ, ಹಾಗೆ. ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ಚಿಮ್ಮುತ್ತದೆಯಲ್ಲ? ನಾಳ ಕಿರಿದಾದ ಕಡೆ ರಕ್ತವೂ ಹಾಗೇ ರಭಸವಾಗುತ್ತದೆ. ಆ ರಭಸ ಅಳೆದು ಎಷ್ಟು ಕಿರಿದಾಗಿದೆ ಅಂತ ಹೇಳುತ್ತಾರೆ. ಸೆಕೆಂಡಿಗೆ 125 ಸೆಂಟಿಮೀಟರಿನೊಳಗಿದ್ದರೆ ಅರ್ಧಕ್ಕಿಂತ ಕಮ್ಮಿ ಅಡಚಣೆ. 230 ದಾಟಿದರೆ 70 ಪರ್ಸೆಂಟಿಗಿಂತ ಜಾಸ್ತಿ, ಅಲ್ಲಿಗೆ ಆಪರೇಷನ್ನಿನ ಮಾತು ಬರಬಹುದು. ನನ್ನದು 96. ಎಡಗಡೆ ಕವಲಿನಲ್ಲಿ ಸಣ್ಣದೊಂದು ಕೊಬ್ಬಿನ ಗಂಟು, ನಾಳದ ಗೋಡೆ 1.1 ಮಿಲಿಮೀಟರ್, ಇರಬೇಕಾದ್ದಕ್ಕಿಂತ ಸ್ವಲ್ಪ ದಪ್ಪ.

ರಿಪೋರ್ಟ್ ಕೈಗೆ ಬಂತು. ನಾನು ಹೊಟ್ಟೆಪಾಡಿಗೆ ಅಕ್ಷರ ನೋಡುವವಳು, ಬಿಡ್ತೀನಾ? ಮೇಲೆ ವಿವರದಲ್ಲಿ ಎಡಗಡೆ ಅಂತ ಇದೆ, ಕೆಳಗೆ ಸಾರಾಂಶದಲ್ಲಿ ಬಲಗಡೆ. ಹಳೇ ಫೈಲಿನ ಮೇಲೆ ಟೈಪ್ ಮಾಡಿ ಕೊನೆಯ ಸಾಲು ತಿದ್ದಲು ಮರೆತಿದ್ದಾರೆ. ಈ ಪಾಪ ನಾನೂ ಮಾಡಿದ್ದೇನೆ. ಒಬ್ಬರ ಮದುವೆ ಪತ್ರಿಕೆಯಲ್ಲಿ ಇನ್ನೊಬ್ಬರ ಗಂಡಿನ ಹೆಸರು ಉಳಿದು ಹೋಗಿತ್ತು. ಕೌಂಟರಿನಲ್ಲಿ ಹೇಳಿದರೆ "ಏನಾಗಲ್ಲ ಮೇಡಂ, ಡಾಕ್ಟರಿಗೆ ಅರ್ಥ ಆಗುತ್ತೆ" ಅಂದರು. ಪಹಣಿಯಲ್ಲಿ ಸರ್ವೆ ನಂಬರ್ ತಪ್ಪಾದರೆ ಏನಾಗುತ್ತದೆ ಅಂತ ನೋಡಿದವಳು ನಾನು. ಕದಲಲಿಲ್ಲ. 40 ನಿಮಿಷ ಕಾಯಿಸಿ ಸರಿಮಾಡಿ ಕೊಟ್ಟರು. ಯಂತ್ರಕ್ಕೂ ಡಾಕ್ಟರಮ್ಮನಿಗೂ ಐದು, ಕೌಂಟರಿಗೆ ಒಂದು. ಖರ್ಚು 1,800 ರೂಪಾಯಿ.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. "ಇದು ಆ ಮಾತ್ರೆಯಿಂದಲೇ ಆಗಿದ್ದಾ?" ನನಗೆ ಬೇಕಿದ್ದಿದ್ದು ಹೌದು, ಅಲ್ಲ ಅನ್ನೋ ಒಂದು ಮಾತು. ಅವಳು ಕೊಡಲಿಲ್ಲ. ಔಷಧಿಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಔಷಧಿಗಳ ಬಗ್ಗೆ ದೂರು ಕಳಿಸಬಹುದಂತೆ, ಡಾಕ್ಟರೂ ಕಳಿಸಬಹುದು, ರೋಗಿಯೂ ಕಳಿಸಬಹುದು. ಆ ರಾಶಿಯಲ್ಲಿ ಫಿನೋಬಾರ್ಬಿಟೋನ್ ತಗೊಳ್ಳುವವರಿಗೆ ಕತ್ತಿನ ನಾಳ ಕಿರಿದಾದ ವರದಿಗಳೂ ಸಿಗುತ್ತವೆ. "ಆದರೆ ಅಮ್ಮಾ, ಅದು ದೂರು ಅಷ್ಟೇ" ಅಂದಳು.

ಇದು ನನಗೆ ತಟ್ಟನೆ ಅರ್ಥವಾಯಿತು. ಪಕ್ಕದ ಜಮೀನಿನವನು ಬದು ಒತ್ತಿದ್ದಾನೆ ಅಂತ ವಾರಕ್ಕೆ ನಾಲ್ಕು ಅರ್ಜಿ ಟೈಪ್ ಮಾಡುತ್ತೇನೆ. ಅರ್ಜಿ ಬಿದ್ದ ಮಾತ್ರಕ್ಕೆ ಒತ್ತುವರಿ ಆಗಿದೆ ಅಂತಲ್ಲ. ಆಗಿಲ್ಲ ಅಂತಲೂ ಅಲ್ಲ. ಸರ್ವೆಯವರು ಬಂದು ಅಳೆಯಬೇಕು. ಈ ಮಾತ್ರೆ ನುಂಗುವವರಲ್ಲಿ ಎಷ್ಟು ಜನಕ್ಕೆ ಹೀಗಾಯಿತು, ನುಂಗದ ಅದೇ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಆಯಿತು ಅನ್ನೋ ಲೆಕ್ಕ ದೂರಿನ ರಾಶಿಯಲ್ಲಿ ಇರುವುದಿಲ್ಲ.

ಅಳೆದವರು ಇದ್ದಾರೆ. ತೈವಾನಿನ ಡಾಕ್ಟರುಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮೂರ್ಛೆಗೆ ಒಂದೇ ಔಷಧಿಯನ್ನು ವರ್ಷಗಟ್ಟಲೆ ತಗೊಂಡವರ ಕತ್ತಿನ ನಾಳದ ಗೋಡೆಯ ದಪ್ಪ ನೋಡಿದರು. ಫಿನಿಟೋಯಿನ್, ಕಾರ್ಬಮಜೆಪಿನ್, ವ್ಯಾಲ್ಪ್ರೋಯೇಟ್ ತಗೊಂಡವರಲ್ಲಿ ವರ್ಷ ಹೆಚ್ಚಾದಷ್ಟೂ ಗೋಡೆ ದಪ್ಪ, ಲ್ಯಾಮೋಟ್ರಿಜಿನ್ ತಗೊಂಡವರಲ್ಲಿ ಹಾಗಿಲ್ಲ. ಅದಕ್ಕೂ ಮೊದಲು 2009ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಫಿನಿಟೋಯಿನ್, ಕಾರ್ಬಮಜೆಪಿನ್ ತಗೊಳ್ಳುತ್ತಿದ್ದವರನ್ನು ಹೊಸ ಔಷಧಿಗೆ ಬದಲಾಯಿಸಿ ನೋಡಿದರು. 6 ವಾರದಲ್ಲೇ ಕೊಲೆಸ್ಟ್ರಾಲ್ ಇಳಿಯಿತು. ಲಿವರನ್ನು ಎಬ್ಬಿಸುವ ಔಷಧಿ ಕೊಲೆಸ್ಟ್ರಾಲ್ ತಯಾರಿಯನ್ನೂ ಎಬ್ಬಿಸುತ್ತದೆ ಅನ್ನೋದು ಅವರ ತರ್ಕ.

ಗಮನಿಸಿದಿರಾ? ಎರಡರಲ್ಲೂ ನನ್ನ ಮಾತ್ರೆಯ ಹೆಸರಿಲ್ಲ. ಇರೋದು ಅದರ ದಾಯಾದಿಗಳದು. ಫಿನಿಟೋಯಿನ್, ಕಾರ್ಬಮಜೆಪಿನ್ ಎರಡೂ ಲಿವರ್ ಎಬ್ಬಿಸುವ ಜಾತಿಯವೇ, ಫಿನೋಬಾರ್ಬಿಟೋನ್ ಆ ಜಾತಿಯ ಯಜಮಾನ. ಆದ್ದರಿಂದ ಇದಕ್ಕೂ ಆ ಗುಣ ಇರಬೇಕು ಅನ್ನೋದು ಊಹೆ, ಒಳ್ಳೆಯ ಊಹೆ. ಅದಕ್ಕೆ ಎದುರು ಸಾಕ್ಷಿಯೂ ಉಂಟು. 1985ರಲ್ಲಿ ಫಿನ್ಲೆಂಡಿನವರು ಮೂರ್ಛೆಯ ಹಳೇ ಔಷಧಿ ತಗೊಳ್ಳುತ್ತಿದ್ದವರ ಸಾವಿನ ದಾಖಲೆ ನೋಡಿದರೆ, ರಕ್ತನಾಳ ಕಟ್ಟಿ ಹೃದಯ ನಿಂತು ಸತ್ತವರು ಬೇರೆಯವರಿಗಿಂತ ಕಮ್ಮಿಯೇ ಇದ್ದರು. ಈ ಔಷಧಿಗಳು ಒಳ್ಳೇ ಕೊಲೆಸ್ಟ್ರಾಲನ್ನೂ ಏರಿಸುತ್ತವಂತೆ. ಇದನ್ನು ಓದಿದ ದಿನ ನನಗೆ ಎರಡು ತುತ್ತು ಜಾಸ್ತಿ ಇಳಿಯಿತು. ಆಮೇಲೆ ಮಗಳು ಮತ್ತೆ ಫೋನ್ ಮಾಡಿ, ನಮ್ಮ ತಾತನಿಗೆ ಲಕ್ವ ಹೊಡೆದಿತ್ತು, ನಿನಗೆ ಸಕ್ಕರೆ ಅಂಚಿನಲ್ಲಿದೆ, ವಯಸ್ಸು 56, ಎಲ್ಲ ತಪ್ಪನ್ನೂ ಮಾತ್ರೆ ಮೇಲೆ ಹಾಕಬೇಡ ಅಂತ ನೆನಪಿಸಿದಳು.

ಹಾಗಾದರೆ ಮಾತ್ರೆ ಬಿಟ್ಟುಬಿಡೋಣವಾ? ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಇದನ್ನು ಥಟ್ಟನೆ ನಿಲ್ಲಿಸಲೇಬಾರದು. 2020ರ ಲಾಕ್‌ಡೌನಿನಲ್ಲಿ ನನಗೆ ಸ್ಟಾಕ್ ಸಿಗಲಿಲ್ಲ. ಲಾಭ ಕಮ್ಮಿ ಅಂತ ಎಲ್ಲ ಮೆಡಿಕಲ್ಲಿನವರೂ ಇಡುವುದಿಲ್ಲ, ಚೀಟಿ ಇಲ್ಲದೆ ಕೊಡುವುದೂ ಇಲ್ಲ. ಐದು ದಿನ ಏನೂ ಆಗಲಿಲ್ಲ. ಮೈಯಲ್ಲಿ ಉಳಿದಿದ್ದೇ ಕಾಪಾಡಿತ್ತು. ಪರವಾಗಿಲ್ಲ, ವಾಸಿಯಾಗಿಬಿಟ್ಟಿದೆಯೇನೋ ಅಂದುಕೊಂಡೆ. ಆರನೇ ದಿನ ಪಾಸ್ ಲ್ಯಾಮಿನೇಷನ್ ಮಾಡುತ್ತಾ ಅಂಗಡಿಯಲ್ಲೇ ಬಿದ್ದೆ, ಮುಂಗೈ ಬಿಸಿ ಯಂತ್ರದ ಮೇಲೆ. ಎರಡು ಇಂಚಿನ ಕಲೆ ಇನ್ನೂ ಇದೆ, ಕೀಬೋರ್ಡ್ ಮೇಲೆ ಕೈ ಇಟ್ಟಾಗಲೆಲ್ಲ ಕಾಣುತ್ತದೆ. ನನಗೆ ಒಂದೇ ಸಲಕ್ಕೆ ಮುಗಿಯಿತು. ಹೀಗೆ ನಿಲ್ಲಿಸಿದವರಿಗೆ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತಾಗಬಹುದು.

ನರರೋಗ ಡಾಕ್ಟರು ಎರಡು ದಾರಿ ಇಟ್ಟರು. ಹೊಸ ಔಷಧಿ ಸೇರಿಸಿ, ಇದನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುವುದು. ಇಲ್ಲವೇ ಇದನ್ನೇ ಮುಂದುವರಿಸಿ ಕೊಲೆಸ್ಟ್ರಾಲಿಗೆ ಬೇರೆ ಮಾತ್ರೆ. "ನಿಮಗೆ ಇದು ಕೆಲಸ ಮಾಡ್ತಾ ಇದೆ, ಅವಸರ ಇಲ್ಲ, ಯೋಚನೆ ಮಾಡಿ ಹೇಳಿ" ಅಂದರು. 42 ವರ್ಷದಲ್ಲಿ ಯೋಚನೆ ಮಾಡಿ ಹೇಳಿ ಅಂದ ಮೊದಲ ಡಾಕ್ಟರು. ನಾನು ಎರಡನೇ ದಾರಿ ಹಿಡಿದೆ. ಕೊಲೆಸ್ಟ್ರಾಲಿನ ಕೆಲವು ಮಾತ್ರೆಗಳನ್ನೂ ನನ್ನ ಲಿವರ್ ಗರ್ಭನಿರೋಧಕದ ಹಾಗೆಯೇ ಬೇಗ ಮುಗಿಸಿಬಿಡುತ್ತದಂತೆ, ಅದಕ್ಕೆ ನೋಡಿ ಆರಿಸಿ ರೋಸುವಾಸ್ಟಾಟಿನ್ ಬರೆದರು. ಜೊತೆಗೆ ವಿಟಮಿನ್ ಡಿ. ಆರು ತಿಂಗಳಾದ ಮೇಲೆ ಕೊಲೆಸ್ಟ್ರಾಲ್ 176. ಸ್ಕ್ಯಾನ್ ವರ್ಷ ಬಿಟ್ಟು ಮತ್ತೆ, ಈ ಸಲ ತಿಂಡಿ ತಿಂದು.

ಒಟ್ಟು ಸ್ಟಾರ್ ಎಷ್ಟು ಕೊಡಲಿ? ಮಾತ್ರೆಗೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಅರ್ಧ ಮಾತ್ರ ಮಾತ್ರೆಯ ತಪ್ಪು. ಉಳಿದ ಒಂದು, ಅಷ್ಟು ವರ್ಷ ಚೀಟಿ ನೋಡಿ ನೋಡಿ ಸಹಿ ಹಾಕಿ ಒಂದು ಸಲವೂ ರಕ್ತ ನೋಡಿಸಿ ಅನ್ನದವರ ಲೆಕ್ಕಕ್ಕೆ. ನಿಮ್ಮ ಮನೆಯಲ್ಲಿ ಯಾರಾದರೂ ಹತ್ತಾರು ವರ್ಷದಿಂದ ಇದನ್ನು ನುಂಗುತ್ತಿದ್ದರೆ ಕೊಲೆಸ್ಟ್ರಾಲ್, ವಿಟಮಿನ್ ಡಿ ನೋಡಿಸಬೇಕಾ ಅಂತ ಡಾಕ್ಟರನ್ನು ನೀವೇ ಕೇಳಿ. ಬೇರೆ ಯಾವುದೇ ಮಾತ್ರೆ ಶುರುಮಾಡುವ ಮುಂಚೆ ಇದರ ಹೆಸರು ಹೇಳಿ.

ನಮ್ಮ ದೇಶದಲ್ಲೂ ಔಷಧಿಯ ಅಡ್ಡಪರಿಣಾಮದ ದೂರು ಕೊಡಬಹುದು. ಗಾಜಿಯಾಬಾದಿನಲ್ಲಿರುವ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ, 1800-180-3024 ಅಂತ ಉಚಿತ ಸಹಾಯವಾಣಿ ಇದೆ, ರೋಗಿಗಳು ತುಂಬಲು ಕನ್ನಡದಲ್ಲೇ ಅರ್ಜಿ ಉಂಟು. ಮಗಳು ಕಳಿಸಿದಳು. ಊರಿನ ಅರ್ಜಿಯೆಲ್ಲ ತುಂಬುವವಳು ನನ್ನದನ್ನು ಬಿಡಲೇ? ಹೋದ ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ವಿಟಮಿನ್ ಡಿ ಬರೆದೆ, ಕೊಲೆಸ್ಟ್ರಾಲ್ ಬರೆದೆ, ಕತ್ತಿನದನ್ನು "ಅನುಮಾನ" ಅಂತ ಸೇರಿಸಿ ಬರೆದೆ. ಔಷಧಿ ಶುರುಮಾಡಿದ ದಿನಾಂಕ ಅಂತ ಒಂದು ಕಡೆ ಇತ್ತು. ತಾರೀಖು ನೆನಪಿಲ್ಲ, 1982, ಯುಗಾದಿ ಆದ ಮೇಲೆ ಅಂತ ಹಾಕಿದೆ. ನಿಲ್ಲಿಸಿದ ದಿನಾಂಕ ಅನ್ನೋ ಕಡೆ ಒಂದು ಅಡ್ಡಗೆರೆ ಎಳೆದು, ಸೇವ್ ಮಾಡಿ, ಮನೆಗೆ ಹೋಗುವ ದಾರಿಯಲ್ಲಿ ಮೆಡಿಕಲ್ಲಿಗೆ ಹೋದೆ. 60ರದು ಇರಲಿಲ್ಲ. 30ರದೇ ಮೂರು ಸ್ಟ್ರಿಪ್ ಕೊಟ್ಟರು, ದಿನಕ್ಕೆ ಮೂರು ನುಂಗಿಕೊಳ್ಳಿ, ಲೆಕ್ಕ ಅಷ್ಟೇ ಆಗುತ್ತೆ ಅಕ್ಕ ಅಂದರು.